ಕೆಂಗೇರಿಯಲ್ಲ, ಹಂಗೇರಿ

ಯಲಹಂಕಕ್ಕೂ ವಿದ್ಯಾರಣ್ಯಪುರಕ್ಕೂ ನಡುವಿನ ಸಿಂಗಾಪುರದಲ್ಲಿ ಮನೆ ಮಾಡಿದವರಿಗೆ ಒಂದು ಸಣ್ಣ ಸುಖವಿದೆ. ಊರಿನ ಮದುವೆಮನೆಯಲ್ಲಿ ಯಾರಾದರೂ 'ಈಗೆಲ್ಲಿದ್ದೀರಿ?' ಎಂದರೆ 'ಸಿಂಗಾಪುರದಲ್ಲಿ' ಎನ್ನಬಹುದು. ಕೇಳಿದವರ ಹುಬ್ಬು ಏರಿ ಇಳಿಯುವುದರೊಳಗೆ ಪಂಕ್ತಿಗೆ ಓಡಬೇಕು, ಅಷ್ಟೆ. ನಿಂತರೆ ಕೆರೆ, ಎಂ.ಎಸ್. ಪಾಳ್ಯ, ಹತ್ತಬೇಕಾದ ಬಸ್ಸು ಎಲ್ಲ ಹೊರಗೆ ಬಂದುಬಿಡುತ್ತದೆ.

ಇಂಥ ಸಿಂಗಾಪುರದ ಗೃಹಸ್ಥರೊಬ್ಬರಿಗೆ ಒಂದು ಭಾನುವಾರ ಹಂಗೇರಿಯ ಅಡುಗೆ ಮಾಡುವ ಹುಕಿ ಬಂತು. ಪುಸ್ತಕದಲ್ಲಿದ್ದದ್ದು ದನದ ಮಾಂಸದ ಕೈಮ. ಆದರೆ 2021ರಲ್ಲಿ ಜಾರಿಗೆ ಬಂದ ನಮ್ಮ ಜಾನುವಾರು ಹತ್ಯೆ ತಡೆ ಕಾಯ್ದೆ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ ಹೊರಗಿಟ್ಟಿದೆ. ಅಷ್ಟು ಹಿರಿಯ ಜೀವವನ್ನು ಬೇಯಿಸುವಷ್ಟು ಗ್ಯಾಸು ಸಿಲಿಂಡರಿನಲ್ಲಿರಲಿಲ್ಲ. ಮನೆಯಲ್ಲಿ ಅಮ್ಮ ಇದ್ದಾರೆಂಬ ಇನ್ನೊಂದು ಕಾಯ್ದೆಯೂ ಇತ್ತು. ಗೃಹಸ್ಥರು ಮಟನ್ ಅಂಗಡಿಯ ಸಾಲಿನಲ್ಲಿ ನಿಂತರು.

'ಅರ್ಧ ಕೆಜಿ ಕೈಮ.'

'ಉಂಡೆಗಾ, ಗೊಜ್ಜಿಗಾ ಸಾರ್?'

'ಹಂಗೇರಿಗೆ.'

'ಕೆಂಗೇರಿಗಾ? ಅಷ್ಟು ದೂರ ಅಂದ್ರೆ ಐಸ್ ಹಾಕಿಸ್ಕೊಳ್ಳಿ ಸಾರ್, ಬಿಸಿಲಿದೆ.'

ಪುಸ್ತಕದ ಪ್ರಕಾರ ಇಡೀ ಅಡುಗೆಯ ಜೀವ ಇರುವುದು ಪಾಪ್ರಿಕಾದಲ್ಲಿ. ಸೂಪರ್ ಮಾರ್ಕೆಟ್ಟಿನ ಗಾಜಿನ ಶೀಸೆಯಲ್ಲಿ ಅದು ಸಿಗುತ್ತದೆ. ಬೆಲೆ ನೋಡಿದ ಗೃಹಸ್ಥರು ಶೀಸೆಯನ್ನು ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ನಾಜೂಕಾಗಿ ಅದರ ಜಾಗಕ್ಕೇ ಮರಳಿಸಿದರು. ಮನೆಗೆ ಬಂದು ಡಬ್ಬಗಳನ್ನು ತಡಕಿದಾಗ ಕಂಡದ್ದು ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ: ಸುಕ್ಕು ಮೈ, ಕಡುಗೆಂಪು ಬಣ್ಣ, ಖಾರ ಕಡಿಮೆ. ಪಾಪ್ರಿಕಾದ ಜಾತಕವೂ ಇದೇ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿಯಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್ಕು, ಉಗುರುಬಣ್ಣಗಳಿಗೂ ಹೋಗುತ್ತದೆ. ತುಟಿಗೆ ಆಗುವುದು ನಾಲಿಗೆಗೆ ಆಗದೆ?

ಖಾರ ಇರುವುದು ಕಾಯಿಯೊಳಗಿನ ಬಿಳಿ ನರದಲ್ಲಿ. ಬೀಜ, ನರ ಬಿಡಿಸಿ ಒಣಗಿಸಿ ಪುಡಿ ಮಾಡಿದರೆ ಸೆಗೆಡ್, ಕಲೋಚಾ ಪಟ್ಟಣಗಳ ಪುಡಿಗೆ ತೀರ ದೂರವಾಗುವುದಿಲ್ಲ. ಆ ಸೆಗೆಡ್‌ನಲ್ಲೇ ಆಲ್ಬರ್ಟ್ ಸೆಂಟ್ ಜೋರ್ಜಿ ಎಂಬ ವಿಜ್ಞಾನಿಗೆ ಒಂದು ರಾತ್ರಿ ಹೆಂಡತಿ ಊಟಕ್ಕೆ ಮೆಣಸಿನಕಾಯಿ ಇಟ್ಟರಂತೆ. ತಿನ್ನಲು ಮನಸ್ಸಿಲ್ಲ, ಹಾಗೆಂದು ಹೇಳಲು ಧೈರ್ಯವಿಲ್ಲ. ಪರೀಕ್ಷೆ ಮಾಡುತ್ತೇನೆಂದು ಪ್ರಯೋಗಾಲಯಕ್ಕೆ ಹೊತ್ತೊಯ್ದರು. ಅದರಲ್ಲಿ ಸಿ ಜೀವಸತ್ವ ರಾಶಿ ರಾಶಿಯಾಗಿ ಸಿಕ್ಕಿತು. 1937ರಲ್ಲಿ ನೊಬೆಲ್ ಬಂತು. ಬಡಿಸಿದ್ದನ್ನು ತಿನ್ನದೆ ಬಹುಮಾನ ಹೊಡೆದ ಗಂಡ ಪ್ರಪಂಚದಲ್ಲಿ ಇವರೊಬ್ಬರೇ ಇರಬೇಕು.

ಹೆಸರಿನಲ್ಲೂ ಎರಡೂ ಕಡೆ ಒಂದೇ ಕಥೆ. ಅಮೆರಿಕದ ಈ ಕಾಯಿ ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂದಾಗ ನಮ್ಮವರು ಅದಕ್ಕೆ ಹೊಸ ಹೆಸರು ಹುಡುಕುವ ತೊಂದರೆ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿದ್ದ ಕಾಳುಮೆಣಸಿನ ಹೆಸರಿಗೇ ಕಾಯಿ ಸೇರಿಸಿದರು. ತುರ್ಕರ ಕಾಲದಲ್ಲಿ ಅದನ್ನು ಕಂಡ ಹಂಗೇರಿಯ ಕಡೆಯವರೂ ಅಷ್ಟೇ ಸೋಮಾರಿಗಳು. ಪಾಪ್ರಿಕಾ ಎಂಬ ಪದದ ಬೇರಿನಲ್ಲಿರುವುದೂ ಕಾಳುಮೆಣಸೇ. ಇನ್ನು ಕೈಮ? ಕೊಚ್ಚಿದ್ದು ಎಂಬರ್ಥದ ತುರ್ಕಿ ಮಾತು ಕಿಯ್ಮಾ, ಉರ್ದುವಿನ ಖೀಮಾ, ಬೆಂಗಳೂರಿನ ಮಿಲಿಟರಿ ಹೋಟೆಲಿನ ಕೈಮ, ಎಲ್ಲ ಒಂದೇ ಮನೆತನ. ಅಡುಗೆ ಶುರುವಾಗುವ ಮುನ್ನವೇ ಅರ್ಧ ಹಂಗೇರಿ ಸಿಂಗಾಪುರದಲ್ಲಿತ್ತು.

ಅಡುಗೆ ಶುರುವಾಯಿತು. ಮೂರು ದೊಡ್ಡ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ನಿಧಾನವಾಗಿ ಬಾಡಿಸಬೇಕು. ಹಂಗೇರಿಯವರು ಬಳಸುವುದು ಹಂದಿಯ ಕೊಬ್ಬು. ಇಲ್ಲಿ ಕಡಲೆಕಾಯಿ ಎಣ್ಣೆ ಅದರ ಪಾತ್ರ ವಹಿಸಿತು. ಆಮೇಲೆ ಎರಡು ದೊಡ್ಡ ಚಮಚ ಮೆಣಸಿನಪುಡಿ. 'ಪಾತ್ರೆಯನ್ನು ಒಲೆಯಿಂದ ಇಳಿಸಿ' ಎಂಬ ಸಾಲನ್ನು ಗೃಹಸ್ಥರು ಓದಿದ್ದು ಪುಡಿ ಸುರಿದ ಮೇಲೆ. ಪುಡಿಯಲ್ಲಿರುವ ಸಕ್ಕರೆ ಅಂಶ ಕಾದ ಎಣ್ಣೆಯಲ್ಲಿ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಘಾಟು ಎದ್ದಿತು. ಮಗಳು ಬಾಲ್ಕನಿಗೆ ಓಡಿದಳು, ಎದುರುಮನೆಯ ಕಿಟಕಿ ಪಟ್ಟೆಂದು ಮುಚ್ಚಿತು, ಮಡದಿ ಸೆರಗು ಮೂಗಿಗೆ ಒತ್ತಿಕೊಂಡು 'ರೀ, ದೃಷ್ಟಿ ತೆಗೀತಿದ್ದೀರಾ, ಅಡುಗೆ ಮಾಡ್ತಿದ್ದೀರಾ?' ಎಂದರು. ಈ ಪದಾರ್ಥದ ಹಂಗೇರಿ ಹೆಸರು ಪೊರ್ಕೊಲ್ಟ್. ಹುರಿದದ್ದು ಎಂದರ್ಥ. ನಾವು ಗೌಲಾಶ್ ಎನ್ನುವುದು ಇದನ್ನೇ. ಅವರ ಗುಯಾಶ್ ತೆಳ್ಳನೆಯ ಸಾರು, ದನ ಕಾಯುವವರ ಹೆಸರು ಹೊತ್ತದ್ದು. ಮೊದಲ ಸರದಿಯ ಈರುಳ್ಳಿ ಪೊರ್ಕೊಲ್ಟ್ ಎಂಬ ಹೆಸರಿಗೆ ಅಗತ್ಯಕ್ಕಿಂತ ಹೆಚ್ಚು ನ್ಯಾಯ ಒದಗಿಸಿ ಕಸದ ಬುಟ್ಟಿ ಸೇರಿತು.

'ಒಗ್ಗರಣೆಗೆ ಖಾರದಪುಡಿ ಹಾಕೋವಾಗ ಒಲೆ ಆರಿಸ್ಬೇಕು ಅಂತ ಅದಕ್ಕೂ ಪುಸ್ತಕ ಬೇಕೇನೋ?' ಅಂದರು ಅಮ್ಮ, ಟಿ.ವಿ.ಯಿಂದ ಕಣ್ಣು ತೆಗೆಯದೆ.

ಎರಡನೆಯ ಸರದಿ ಸರಿಹೋಯಿತು. ಪುಡಿಯ ಹಿಂದೆಯೇ ಕೈಮ, ಎರಡು ಟೊಮೆಟೊ, ಒಂದು ದಪ್ಪ ಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ. ಅವರ ಕ್ಯಾರವೇ ಬದಲು ಬಿರಿಯಾನಿಗೆಂದು ತಂದಿದ್ದ ಶಾಜೀರಿಗೆ ಚಿಟಿಕೆ. ಶುಂಠಿ ಇಲ್ಲ, ಚಕ್ಕೆ ಲವಂಗ ಇಲ್ಲ, ಧನಿಯಾ ಇಲ್ಲ, ತೆಂಗಿನಕಾಯಿಯ ಮಾತೇ ಇಲ್ಲ. ಪಟ್ಟಿ ಕೇಳಿದ ಅಮ್ಮ 'ಯಾರಿಗೆ ಹುಷಾರಿಲ್ಲ?' ಎಂದು ವಿಚಾರಿಸಿದರು.

ಕೊನೆಗೆ ಹುಳಿಕೆನೆ. ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ನೇತುಹಾಕಿದ್ದ ಗಟ್ಟಿ ಮೊಸರಿಗೆ ಹಾಲಿನ ಕೆನೆ ಬೆರೆಸಿ ಗೃಹಸ್ಥರು ಕುದಿಯುವ ಪಾತ್ರೆಗೆ ಸುರಿಯಲು ಹೊರಟರು. ಈ ಸಲ ಅಮ್ಮ ಎದ್ದೇ ಬಂದರು. ಹಾಗೆ ಹಾಕಿದರೆ ಒಡೆಯುತ್ತದೆ. ಮಜ್ಜಿಗೆಹುಳಿ ಒಡೆಯದಿರಲೆಂದು ನೆನೆಸಿದ ಕಡಲೆಬೇಳೆ ರುಬ್ಬಿ ಹಾಕುವುದಿಲ್ಲವೆ? ಪುಸ್ತಕ ತಿರುವಿದರೆ ಹಂಗೇರಿಯವರೂ ಕೆನೆಗೆ ಒಂದು ಚಮಚ ಮೈದಾ ಕಲಸಿ, ಬಿಸಿ ರಸ ಸ್ವಲ್ಪ ಸೇರಿಸಿ, ಉರಿ ತಗ್ಗಿಸಿ ಬೆರೆಸುತ್ತಾರೆ. ಅಮ್ಮನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಜೊತೆಗೆ ನೊಕೆಡ್ಲಿ ಆಗಬೇಕಿತ್ತು. ಮೈದಾ, ಮೊಟ್ಟೆಯ ಹಿಟ್ಟನ್ನು ತೂತಿನ ತಟ್ಟೆಯ ಮೂಲಕ ಕುದಿನೀರಿಗೆ ಉದುರಿಸುವ ಪುಟ್ಟ ಪುಟ್ಟ ಕಡುಬು ಅದು. ಬೂಂದಿ ಸೌಟು ಹಿಡಿದ ಗೃಹಸ್ಥರಿಗೆ ಬೂಂದಿಯೂ ಬರಲಿಲ್ಲ, ನೊಕೆಡ್ಲಿಯೂ ಬರಲಿಲ್ಲ, ಅಂಟು ಬಂತು. ಅಮ್ಮ ಮಾತಾಡದೆ ಮುದ್ದೆಗೆ ಎಸರಿಟ್ಟರು.

ರಾಗಿಮುದ್ದೆಯ ಜೊತೆ ಕೆಂಪು ಗೊಜ್ಜು ಚೆನ್ನಾಗಿಯೇ ಹೋಯಿತು. ಮಧ್ಯಾಹ್ನದ ತೀರ್ಪು: 'ಬಣ್ಣ ಜಾಸ್ತಿ, ಖಾರ ಕಮ್ಮಿ. ಮುಂದಿನ ಸಲ ಎರಡು ಲವಂಗ ಹಾಕು.' ಉಳಿದದ್ದನ್ನು ಮರುದಿನ ಬೆಳಿಗ್ಗೆ ಮಗಳು ದೋಸೆಯೊಳಗೆ ಸುತ್ತಿಕೊಂಡು ಶಾಲೆಯ ಬಸ್ಸಿಗೆ ಓಡಿದಳು. ಬುಡಾಪೆಸ್ಟಿನ ಹೋಟೆಲುಗಳಲ್ಲಿ ಇದೇ ಮಾಂಸವನ್ನು ಇದೇ ಕೆನೆಯೊಂದಿಗೆ ತೆಳ್ಳನೆಯ ಮೈದಾ ದೋಸೆಯಲ್ಲಿ ಸುತ್ತಿ ಬಡಿಸುತ್ತಾರೆ. ದೋಸೆಗೆ ಅಲ್ಲಿನ ಹೆಸರು ಪಾಲಾಚಿಂತಾ.