ಓಟ್ಸ್ ಕಾಕಾ

ಓಟ್ಸ್ ಕಾಕಾ ವಿಜಯಪುರದ ಜಲನಗರದಲ್ಲಿ ಮತ್ತು ಅಂಥವೇ ಬಡಾವಣೆಗಳಲ್ಲಿ ವರ್ಷವಿಡೀ ಕಾಣಸಿಗುವ ಪ್ರಭೇದ. ವಯಸ್ಸು ಅರವತ್ತರ ಆಚೆ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60 ಆದ್ದರಿಂದ ಅದಕ್ಕೂ ಮೊದಲು ಇವರು ರೂಪುಗೊಳ್ಳುವುದು ಅಪರೂಪ. ಅಲ್ಲಿಯವರೆಗೆ ಕಚೇರಿ ಎದುರಿನ ಚಾ ಮತ್ತು ಮಿರ್ಚಿ ಭಜಿ ಇವರನ್ನು ಕೈಹಿಡಿದು ನಡೆಸಿರುತ್ತವೆ. ಮೂಲ ಊರು ತಿಕೋಟಾ ಇಲ್ಲವೇ ಬಬಲೇಶ್ವರದ ಕಡೆಯದು. ಹೊಲ ತಮ್ಮನ ಕೈಯಲ್ಲಿ, ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ, ಮನೆ ಸಾಲದ ಕಂತು ತೀರಿದೆ. ಇಷ್ಟು ಲಕ್ಷಣ ಕೂಡಿದ ಮೇಲೆ ಒಂದು ರಕ್ತಪರೀಕ್ಷೆಯ ರಿಪೋರ್ಟ್ ಕೈಗೆ ಬಂದರೆ ಸಾಕು, ಓಟ್ಸ್ ಕಾಕಾ ತಯಾರು.

ರಿಪೋರ್ಟಿಗೂ ಮೊದಲು ಇವರ ನಾಷ್ಟಾ ಊರಿನ ಎಲ್ಲರದ್ದೇ ಆಗಿರುತ್ತದೆ: ಉಪ್ಪಿಟ್ಟು, ಚುರುಮುರಿ ಸುಸಲಾ, ಹಚ್ಚಿದ ಅವಲಕ್ಕಿ. ಚಳಿಗಾಲದಲ್ಲಿ ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪಿನೊಂದಿಗೆ ಕುಟ್ಟಿದ ಮುಟಗಿ. ವೈದ್ಯರು ಹೇಳುವುದು ಎರಡೇ ಮಾತು: ಸಕ್ಕರೆ ಕಡಿಮೆ ಮಾಡ್ರಿ, ದಿನಾ ನಡೀರಿ. ಈ ಎರಡರಲ್ಲಿ ಓಟ್ಸ್ ಎಂಬ ಶಬ್ದ ಎಲ್ಲಿಯೂ ಇಲ್ಲ. ಆದರೆ ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ವೈದ್ಯರ ಮಾತು ಓಟ್ಸ್ ಆಗಿ ಬದಲಾಗಿರುತ್ತದೆ. ನಡೆಯುವ ಮಾತು ಆಟೋದಲ್ಲಿ ಮರೆತುಹೋಗಿರುತ್ತದೆ.

ಇವರ ಬೆಳವಣಿಗೆಗೆ ಎರಡು ಹಂತ. ಮೊದಲನೆಯದು ಗಂಜಿಯ ಹಂತ. ಓಟ್ಸನ್ನು ನೀರಿನಲ್ಲಿ ಕುದಿಸಿ, ಉಪ್ಪು ಹಾಕಿ, ಕಣ್ಣು ಮುಚ್ಚಿ ನುಂಗುವ ಕಾಲ ಅದು. ಮನೆಗೆ ಬಂದವರೆಲ್ಲ ಬಟ್ಟಲು ನೋಡಿ "ಜ್ವರ ಬಂದಾವೇನ್ರಿ?" ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಬಹಳ ದಿನ ತಾಳಿಕೊಂಡ ಕಾಕಾ ಯಾರೂ ಇಲ್ಲ. ಹೆಚ್ಚಿನವರು ಇಲ್ಲಿಯೇ ಉಪ್ಪಿಟ್ಟಿಗೆ ಮರಳುತ್ತಾರೆ.

ಎರಡನೆಯ ಹಂತ ತಲುಪುವವರು ಮಗಳ ಬಾಣಂತನಕ್ಕೆಂದು ಹೆಂಡತಿಯೊಂದಿಗೆ ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದವರು. ಕಾಕು ಹೋಗುವಾಗ ಎರಡು ಪೆಟ್ಟಿಗೆಯಲ್ಲಿ ಅಂಟಿನ ಉಂಡಿ, ಅಳವಿ, ಉತ್ತತ್ತಿ, ಶೇಂಗಾ ಚಟ್ನಿ ಒಯ್ದಿರುತ್ತಾರೆ. ಕಾಕಾ ಬರುವಾಗ ಬೇಕ್ಡ್ ಓಟ್ಸ್ ತರುತ್ತಾರೆ. ಅಲ್ಲಿ ಮಗಳು ರಾತ್ರಿಯೇ ಓಟ್ಸ್, ಹಾಲು, ಹಣ್ಣು ಕಲಸಿ ಟ್ರೇಗೆ ಸುರಿದಿಡುತ್ತಾಳೆ. ಬೆಳಗ್ಗೆ ಓವನ್ನಿಗೆ ತಳ್ಳಿ, ಬೆಂದದ್ದನ್ನು ಚೌಕ ಚೌಕವಾಗಿ ಕತ್ತರಿಸಿ ಕೊಡುತ್ತಾಳೆ. ಗಂಜಿಯನ್ನು ಚಾಕುವಿನಿಂದ ಕತ್ತರಿಸಬಹುದು ಎಂದು ಕಂಡ ಗಳಿಗೆಯಿಂದ ಕಾಕಾನ ದೆಸೆ ತಿರುಗುತ್ತದೆ. ಜ್ವರದ ಪ್ರಶ್ನೆಗೆ ಕೊನೆಗೂ ಒಂದು ಉತ್ತರ ಸಿಕ್ಕಿತು.

ಅಮೆರಿಕದಲ್ಲಿ ಈ ತಿನಿಸು ಪೆನ್ಸಿಲ್ವೇನಿಯಾದ ಆಮಿಶ್ ಜನರ ಹೆಸರಿಗೆ ಅಂಟಿಕೊಂಡಿದೆ. ಕುದುರೆಗಾಡಿಯಲ್ಲಿ ಓಡಾಡುವ, ಊರಿನ ವಿದ್ಯುತ್ ಲೈನಿನಿಂದ ಮನೆಗೆ ಸಂಪರ್ಕ ಪಡೆಯದ ಸಮುದಾಯ ಅದು. ಅವರ ನಾಷ್ಟಾ ಜಲನಗರಕ್ಕೆ ಬಂದ ಮೇಲೆ ಕರೆಂಟಿಲ್ಲದೆ ಆಗುವುದೇ ಇಲ್ಲ. ಕಾಕಾ ಊರಿಗೆ ಮರಳಿದ ಕೂಡಲೇ ಒಂದು ಒಟಿಜಿ ಓವನ್ ಖರೀದಿಸುತ್ತಾರೆ. ಸಾಮಾನ್ಯ ಒಟಿಜಿ 1,500 ವ್ಯಾಟ್ ಆಸುಪಾಸಿನದು. ಮೊದಲು ಕಾಯಲು ಹತ್ತು ನಿಮಿಷ, ಬೇಯಲು ಮೂವತ್ತೈದರಿಂದ ನಲವತ್ತು ನಿಮಿಷ ಹಿಡಿದರೂ ಒಂದು ಟ್ರೇಗೆ ಸುಮಾರು ಒಂದು ಯೂನಿಟ್. ಮನೆಯ ಇನ್ವರ್ಟರ್ ಇದರ ಭಾರ ಹೊರುವುದಿಲ್ಲ. ಇಪ್ಪತ್ತನೇ ನಿಮಿಷಕ್ಕೆ ಕರೆಂಟು ಹೋದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿದ ಟ್ರೇ ಮುಂದೆ ಕಾಕಾ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕಾಕು ಅಷ್ಟರಲ್ಲಿ ಗ್ಯಾಸಿನ ಮೇಲೆ ಹಂಚು ಇಟ್ಟಿರುತ್ತಾರೆ.

ಅಳತೆ ಇವರಿಗೆ ಬಾಯಿಪಾಠ, ಮತ್ತು ಒಪ್ಪಿಕೊಳ್ಳಬೇಕಾದ ಮಾತೆಂದರೆ, ಅಳತೆ ಸರಿಯಾಗಿಯೇ ಇರುತ್ತದೆ. ದಪ್ಪ ಅವಲಕ್ಕಿಯಂತೆ ಕಾಣುವ ರೋಲ್ಡ್ ಓಟ್ಸ್ ಎರಡು ಕಪ್, ಎಂದರೆ ಸುಮಾರು 180 ಗ್ರಾಂ. ಎರಡು ನಿಮಿಷದಲ್ಲಿ ಬೇಯುವ ಪುಡಿ ಓಟ್ಸ್ ಹಾಕಿದರೆ ಹಿಟ್ಟಾಗುತ್ತದೆ. ಕತ್ತರಿಸಿದ ಕಾಳಿನ ಓಟ್ಸ್ ಹಾಕಿದರೆ ಅಷ್ಟು ಹೊತ್ತಿನಲ್ಲಿ ಬೇಯದೆ ಹಲ್ಲಿಗೆ ಸಿಗುತ್ತದೆ. ಹಾಲು ಎರಡು ಕಪ್ಪಿಗೆ ತುಸು ಕಡಿಮೆ, ಕಳಿತ ಬಾಳೆಹಣ್ಣು ಎರಡು, ಬೆಲ್ಲದ ಪುಡಿ ಕಪ್ಪಿನ ಮೂರನೇ ಒಂದು ಪಾಲು, ತುಪ್ಪ ಎರಡು ಚಮಚ, ಬೇಕಿಂಗ್ ಪೌಡರ್ ಒಂದು ಚಿಕ್ಕ ಚಮಚ, ದಾಲ್ಚಿನ್ನಿ ಪುಡಿ ಅಷ್ಟೇ, ಚಿಟಿಕೆ ಉಪ್ಪು. ಬೆಲ್ಲವನ್ನು ಬಿಸಿ ಹಾಲಿಗೆ ಹಾಕಿದರೆ ಹಾಲು ಒಡೆಯುವ ಸಂಭವ ಇರುವುದರಿಂದ ಹಾಲು ತಣ್ಣಗಿರಬೇಕು. ಇದನ್ನು ಕಾಕಾಗೆ ಕಲಿಸಿದವರು ಕಾಕು. ಆದರೆ ಕಾಕಾ ಅದನ್ನು ನೆರೆಯವರಿಗೆ ವಿವರಿಸುವಾಗ ಅಮೆರಿಕದಲ್ಲಿ ಕಂಡುಕೊಂಡ ಸತ್ಯದ ಠೀವಿ ಇರುತ್ತದೆ.

ಮಗಳ ಅಳತೆಯಲ್ಲಿ ಎರಡು ಮೊಟ್ಟೆ ಇವೆ. ಜಲನಗರದ ಬಹುಪಾಲು ಕಾಕಾಗಳ ಅಡುಗೆಮನೆಗೆ ಮೊಟ್ಟೆ ಬರುವುದಿಲ್ಲ. ಗಾಂಧಿ ಚೌಕದ ಆಚೆ ಗೆಳೆಯರೊಂದಿಗೆ ತಿಂದದ್ದು ಬೇರೆ ಲೆಕ್ಕ. ಮೊಟ್ಟೆಯ ಬದಲಿಗೆ ಅಗಸಿ ಪುಡಿ ಬಳಸುವುದು ವಾಡಿಕೆ: ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಪುಡಿ, ಮೂರು ಚಮಚ ನೀರು. ಹತ್ತು ನಿಮಿಷ ಬಿಟ್ಟರೆ ಲೋಳೆಯಾಗಿ ಓಟ್ಸನ್ನು ಬಿಗಿಯಾಗಿ ಹಿಡಿಯುತ್ತದೆ. ಅಗಸಿ ಚಟ್ನಿ ಕುಟ್ಟುವ ಊರಿನಲ್ಲಿ ಇದಕ್ಕೆ ಯಾವ ಕೊರತೆಯೂ ಇಲ್ಲ.

ಒಣದ್ರಾಕ್ಷಿಯ ಸಂಗತಿ ತುಸು ವಿವರವಾಗಿಯೇ ಹೇಳಬೇಕಾದದ್ದು. ತಿಕೋಟಾ, ಬಬಲೇಶ್ವರದ ಕಡೆ ಹೋದರೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ತೋಟ, ತೋಟದ ಪಕ್ಕದಲ್ಲಿ ಮಣೂಕದ ಶೆಡ್ಡು. ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಕಲಸಿದ ನೀರಿನಲ್ಲಿ ಅದ್ದಿ, ಜಾಲರಿಯ ಅಟ್ಟಣೆಗಳ ಮೇಲೆ ಹರಡಿ ನೆರಳಿನಲ್ಲಿ ಸುಮಾರು ಎರಡು ವಾರ ಒಣಗಿಸುತ್ತಾರೆ. ಆ ದ್ರಾವಣ ಹಣ್ಣಿನ ಮೇಲಿನ ಮೇಣದ ಪೊರೆಯನ್ನು ಸಡಿಲಿಸುವುದರಿಂದ ನೀರು ಬೇಗ ಹೊರಗೆ ಹೋಗುತ್ತದೆ. ಕಾಕಾನ ತಮ್ಮನದೂ ಇಂಥದೊಂದು ಶೆಡ್ಡು. ಆದರೂ ಕಾಕಾ ಟ್ರೇಗೆ ಹಾಕುವುದು ಆನ್‌ಲೈನಿನಲ್ಲಿ ತರಿಸಿದ, ಜಿಪ್ ಇರುವ ಪೊಟ್ಟಣದ್ದು. ಪೊಟ್ಟಣದ ಹಿಂದೆ ಕ್ಯಾಲರಿಯ ಕೋಷ್ಟಕ ಇರುತ್ತದೆ, ತಮ್ಮನ ಚೀಲದ ಹಿಂದೆ ಇರುವುದಿಲ್ಲ ಎಂಬುದೇ ಇವರ ಆಯ್ಕೆಗೆ ಕಾರಣ. ತಮ್ಮ ಬೇಸಿಗೆಯಲ್ಲಿ ಬಸ್ಸಿನಲ್ಲಿ ಒಂದು ಡಬ್ಬಿ ಕಳಿಸುತ್ತಾನೆ. ಅದು ಬೀಗರಿಗೆ ಹೋಗುತ್ತದೆ.

ದ್ರಾಕ್ಷಿಯನ್ನು ಮೇಲೆ ಉದುರಿಸಬಾರದು, ಒಳಗೆ ಕಲಸಬೇಕು. ಮೇಲಿದ್ದರೆ ಸುಟ್ಟು ಕಹಿಯಾಗುತ್ತದೆ. ಮೇಲೆ ಉದುರಿಸಬೇಕಾದದ್ದು ಹುರಿಯದ ಶೇಂಗಾ ಚೂರು. ಕಲಸಿದ ಮೇಲೆ ಹತ್ತು ನಿಮಿಷ ನೆನೆಯಲು ಬಿಟ್ಟು, ಎಂಟು ಇಂಚಿನ ಟ್ರೇಗೆ ತುಪ್ಪ ಸವರಿ ಸುರಿದು, 180 ಡಿಗ್ರಿಯಲ್ಲಿ ಬೇಯಿಸುವುದು. ನಡು ಭಾಗ ಅಲುಗಾಡದೆ ನಿಂತರೆ ಬೆಂದ ಹಾಗೆ. ತೆಗೆದ ಕೂಡಲೇ ಕತ್ತರಿಸಿದರೆ ಪುಡಿಯಾಗುತ್ತದೆ. ಹತ್ತು ನಿಮಿಷ ತಡೆಯಬೇಕು. ಇಡೀ ಕೆಲಸದಲ್ಲಿ ಕಾಕಾಗೆ ಅತಿ ಕಠಿಣವಾದದ್ದು ಈ ಹತ್ತು ನಿಮಿಷ. ಹೀಗಾಗಿ ಜಲನಗರದ ಬೇಕ್ಡ್ ಓಟ್ಸಿನ ಮೊದಲ ತುಂಡು ಸದಾ ಒಂದು ಮೂಲೆ ಕಳೆದುಕೊಂಡಿರುತ್ತದೆ.

ಆರೋಗ್ಯದ ಲೆಕ್ಕಕ್ಕೆ ಬಂದರೆ ಕಾಕಾನ ಬಾಯಲ್ಲಿ ದಿನಕ್ಕೆ ಹಲವು ಸಲ ಬರುವ ಶಬ್ದ ಬೀಟಾ ಗ್ಲೂಕಾನ್. ಓಟ್ಸಿನಲ್ಲಿರುವ ಈ ಕರಗುವ ನಾರು ಕೊಲೆಸ್ಟರಾಲ್ ತಗ್ಗಿಸಲು ನೆರವಾಗುತ್ತದೆ ಎಂಬುದು ನಿಜ. ದಿನಕ್ಕೆ 3 ಗ್ರಾಂ ಪ್ರಮಾಣವನ್ನು ಆಧಾರವಾಗಿಟ್ಟು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿ ಪೊಟ್ಟಣದ ಮೇಲೆ ಹೃದಯದ ಮಾತು ಬರೆಯಲು ಕಂಪನಿಗಳಿಗೆ ಅನುಮತಿ ಕೊಟ್ಟಿತು. ನೂರು ಗ್ರಾಂ ಓಟ್ಸಿನಲ್ಲಿ ಇದು ಸುಮಾರು 4 ಗ್ರಾಂ. 180 ಗ್ರಾಂ ಓಟ್ಸಿನ ಟ್ರೇಯನ್ನು ಎಂಟು ತುಂಡು ಮಾಡಿದರೆ ಒಂದು ತುಂಡಿನಲ್ಲಿ ಒಂದು ಗ್ರಾಂ ಕೂಡ ಆಗುವುದಿಲ್ಲ. ಎಂದರೆ 3 ಗ್ರಾಂ ಮುಟ್ಟಲು ಮೂರು ತುಂಡಿನ ಮೇಲೆ ಇನ್ನಷ್ಟು ಬೇಕು. ಗುಮಾಸ್ತಿಕೆ ಮಾಡಿ ನಿವೃತ್ತರಾದ ಕಾಕಾಗಳು ಈ ಲೆಕ್ಕವನ್ನು ಬಲು ಬೇಗ ಮಾಡಿ, ನಾಲ್ಕನೇ ತುಂಡನ್ನು ಔಷಧಿಯ ಖಾತೆಗೆ ಬರೆಯುತ್ತಾರೆ. ಒಣದ್ರಾಕ್ಷಿಯ ತೂಕದಲ್ಲಿ ಮೂರನೇ ಎರಡು ಪಾಲು ಸಕ್ಕರೆಯೇ ಎಂಬುದು, ಬೆಲ್ಲ ರಕ್ತಕ್ಕಿಳಿದ ಮೇಲೆ ಸಕ್ಕರೆಗಿಂತ ಬಹಳ ಬೇರೆಯಾಗಿ ನಡೆದುಕೊಳ್ಳುವುದಿಲ್ಲ ಎಂಬುದು ಆ ಖಾತೆಯಲ್ಲಿ ಇರುವುದಿಲ್ಲ. ಕೇಳಿದವರಿಗೆ ಸಿಗುವ ಉತ್ತರ ಒಂದೇ: "ಎಲ್ಲಾ ನ್ಯಾಚುರಲ್ ಅದಪಾ." ಚಾಕ್ಕೆ ಮಾತ್ರ ಸಕ್ಕರೆ ಇಲ್ಲ. ಅದನ್ನು ಮೂರು ಮನೆ ಆಚೆ ಕೇಳುವಂತೆ ಹೇಳಿಯೇ ಕುಡಿಯುತ್ತಾರೆ.

ಬೆಳಗಿನ ಹೊತ್ತು ಬೀದಿಯಲ್ಲಿ ನಡೆಯುವ ಸಂಭಾಷಣೆಗೆ ನಿಶ್ಚಿತ ರೂಪವಿದೆ.

"ಕಾಕಾ, ನಾಷ್ಟಾ ಆತೇನ್ರಿ?"

"ಆತಪಾ. ಬೇಕ್ಡ್ ಓಟ್ಸ್."

"ಅಂದ್ರ ಕೇಕ್ ಏನ್ರಿ?"

"ಕೇಕ್ ಅಲ್ಲೋ ಮಾರಾಯಾ! ಕೇಕಿನಾಗ ಮೈದಾ ಇರ್ತದ."

ಕೇಕ್ ಎಂಬ ಶಬ್ದ ಕೇಳಿದರೆ ಕಾಕಾಗೆ ಆಗುವ ನೋವು ಶುಗರ್ ಹೆಚ್ಚಾಗಿದೆ ಎಂದು ಕೇಳಿದಾಗ ಆಗುವುದಿಲ್ಲ. ಕೇಕ್ ಅಲ್ಲವೆಂದು ತೋರಿಸಲು ಕೇಳಿದವರನ್ನು ಮನೆಗೆ ಕರೆದೊಯ್ಯುತ್ತಾರೆ, ಒಂದು ತುಂಡು ಕೊಡುತ್ತಾರೆ. ತಿಂದವರು ಸಂಕೋಚದಿಂದ "ಚಲೋ ಅದರಿ" ಎನ್ನುತ್ತಾರೆ. ಅಲ್ಲಿಗೆ ಅವರ ವಾಟ್ಸ್‌ಆ್ಯಪ್ ನಂಬರಿಗೆ ಅಳತೆಯ ಚೀಟಿ, ಒಟಿಜಿಯ ಬೆಲೆ, ಬೀಟಾ ಗ್ಲೂಕಾನಿನ ವಿಡಿಯೋ ಮೂರೂ ಬಂದು ಬೀಳುತ್ತವೆ.

ಕಾಕುವಿನ ನಿಲುವು ಬೇರೆಯದು. "ಒಂದ್ ತಾಸು ಕರೆಂಟ್ ಸುಡೂದಕ್ಕಿಂತ ನಾಕ್ ರೊಟ್ಟಿ ಬಡದ್ ಕೊಡ್ತಿದ್ನಲ್ರಿ" ಎಂಬುದು ಅವರ ಒಟ್ಟು ವಾದ. ವಾದದಲ್ಲಿ ಹುರುಳಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ. ಓಟ್ಸಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಓಟ್ಸಿನ ನಾರಿನಲ್ಲಿ ಕರಗುವ ಭಾಗ ಹೆಚ್ಚು ಎಂಬ ಮೇಲುಗೈ ಇದೆ. ಆದರೆ ರೊಟ್ಟಿಗೆ ಹಿಟ್ಟು ಮತ್ತು ಎಸರು ಬಿಟ್ಟರೆ ಬೇರೇನೂ ಬೇಡ: ಬೆಲ್ಲವಿಲ್ಲ, ತುಪ್ಪವಿಲ್ಲ, ಬಾಳೆಹಣ್ಣಿಲ್ಲ, ಪಾಸ್‌ಪೋರ್ಟೂ ಬೇಕಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿ ಜೋಳಕ್ಕೆ ಲೋಕಮನ್ನಣೆ ಕೊಟ್ಟಾಗ ಕಾಕು ಒಂದು ಮಾತೂ ಆಡದೆ ಆ ಸುದ್ದಿ ಇದ್ದ ಪತ್ರಿಕೆಯ ಪುಟದ ಮೇಲೆಯೇ ರೊಟ್ಟಿ ಆರಲು ಹಾಕಿದ್ದುಂಟು.

ಋತುಮಾನದ ಪ್ರಭಾವ ಈ ಪ್ರಭೇದದ ಮೇಲೆ ಬಲವಾಗಿದೆ. ಏಪ್ರಿಲ್, ಮೇ ತಿಂಗಳಲ್ಲಿ ಊರಿನ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ಒಟಿಜಿಗೆ ಅಡುಗೆಮನೆಯಿಂದ ಬಹಿಷ್ಕಾರ. ಪಡಸಾಲೆಯ ಮೂಲೆಯಲ್ಲಿ, ಫ್ಯಾನಿನ ಕೆಳಗೆ, ಕಾಕಾ ಬೆವರು ಒರೆಸಿಕೊಳ್ಳುತ್ತ ನಾಷ್ಟಾ ಬೇಯಿಸುತ್ತಾರೆ. ಡಿಸೆಂಬರ್, ಜನವರಿ ಇವರಿಗೆ ಸತ್ವಪರೀಕ್ಷೆಯ ಕಾಲ. ಹೊಲದಲ್ಲಿ ಸೀತನಿ ಬಂದಿರುತ್ತದೆ, ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು ತಮ್ಮನ ಹೊಲಕ್ಕೆ ಹೋಗಲೇಬೇಕು, ಹಿಂದೆಯೇ ಸಂಕ್ರಾಂತಿ, ಸಿದ್ಧೇಶ್ವರ ಜಾತ್ರೆ, ಶೇಂಗಾ ಹೋಳಿಗೆ. ಹೊಲಕ್ಕೆ ಕಾಕಾ ತಮ್ಮ ಪಾಲಿನ ಓಟ್ಸನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ಯುತ್ತಾರೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಡಬು ಬಿಚ್ಚಿದ ಸಾಲಿನಲ್ಲಿ ಡಬ್ಬಿಯ ಮುಚ್ಚಳ ತೆರೆಯುತ್ತದೆ. ತಮ್ಮ ಒಂದು ಚೂರು ಮುರಿದು ಮೂಸಿ ಕೇಳುತ್ತಾನೆ: "ಅಣ್ಣಾ, ಇದು ದನಕ್ಕ ಹಾಕೂ ಮೇವಲ್ಲೇನು?" ಕೇಳಿದ್ದು ಚೇಷ್ಟೆಗಾದರೂ ಮಾತು ತಪ್ಪಲ್ಲ. ಭಾರತದಲ್ಲಿ ಓಟ್ಸ್ ಬೆಳೆಯುವುದು ಹೆಚ್ಚಾಗಿ ಹಸಿರು ಮೇವಿಗೇ. ಹಾಲಿನ ದನ ಸಾಕುವವರಿಗೆ ಅದು ಹೊಸ ಬೆಳೆಯಲ್ಲ. ಆ ದಿನ ಡಬ್ಬಿ ತುಂಬಿಯೇ ಮನೆಗೆ ಮರಳುತ್ತದೆ, ಕಾಕಾನ ಹೊಟ್ಟೆಯೂ ಸಹ.

ಮೂರು ತಿಂಗಳಿಗೊಮ್ಮೆ ಬರುವ ಎಚ್‌ಬಿಎ1ಸಿ ರಿಪೋರ್ಟ್ ಇವರ ಪರೀಕ್ಷಾ ಫಲಿತಾಂಶ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಅದು ತೋರಿಸುವುದರಿಂದ ಹಿಂದಿನ ದಿನ ಉಪವಾಸ ಮಾಡಿ ಅದನ್ನು ಏಮಾರಿಸಲು ಬರುವುದಿಲ್ಲ. ಅಂಕ ಇಳಿದಿದ್ದರೆ ಓಟ್ಸಿನ ಮಹಿಮೆ. ಏರಿದ್ದರೆ ಬೀಗರ ಮನೆಯ ಮದುವೆಯ ತಪ್ಪು. ನಿಜವಾಗಿ ಅಂಕ ಇಳಿದ ಮನೆಗಳಲ್ಲಿ ಬೇರೊಂದು ಕಾರಣ ಸಿಗುತ್ತದೆ: ಕಾಕು ಟ್ರೇಗೆ ಬೀಳುವ ಬೆಲ್ಲವನ್ನು ಯಾರಿಗೂ ಹೇಳದೆ ಅರ್ಧಕ್ಕೆ ಇಳಿಸಿರುತ್ತಾರೆ, ಮತ್ತು ಓಟ್ಸಿನ ಪ್ರಚಾರಕ್ಕೆಂದು ದಿನಾ ಬೆಳಗ್ಗೆ ಬೀದಿ ಬೀದಿ ಸುತ್ತುವ ಕಾಕಾ ವೈದ್ಯರು ಹೇಳಿದಷ್ಟು ದೂರ ನಡೆದುಬಿಟ್ಟಿರುತ್ತಾರೆ.

ಈ ಪ್ರಭೇದಕ್ಕೆ ಹತ್ತಿರದ ಸಂಬಂಧಿಕರು ಹಲವರಿದ್ದಾರೆ. ಮೆಂತ್ಯೆ ನೀರಿನ ಮಾಮಾ, ಗ್ರೀನ್ ಟೀ ಮೇಡಂ, ಸಿರಿಧಾನ್ಯದ ಮಾಸ್ತರು. ಮಸಾಲಾ ಓಟ್ಸ್ ತಿನ್ನುವವರನ್ನು ಕಾಕಾ ಈ ಬಳಗಕ್ಕೆ ಸೇರಿಸಿಕೊಳ್ಳುವುದಿಲ್ಲ. ಇವರಲ್ಲಿ ಯಾರಿಂದಲೂ ಯಾರಿಗೂ ಕೇಡಿಲ್ಲ. ಬೇಕ್ಡ್ ಓಟ್ಸ್ ಕೂಡ, ಬೆಲ್ಲ, ದ್ರಾಕ್ಷಿಯಲ್ಲಿ ಕೈ ಬಿಗಿ ಹಿಡಿದು ಮಾಡಿದರೆ, ಒಂದು ತುಂಡಿನ ಮಟ್ಟಿಗೆ ಒಳ್ಳೆಯ ನಾಷ್ಟಾವೇ. ಜಲನಗರದಲ್ಲಿ ಬೆಳಗ್ಗೆ ಎಂಟರ ಸುಮಾರಿಗೆ ಯಾರದಾದರೂ ಮನೆಗೆ ಹೋಗುವ ಕೆಲಸವಿದ್ದವರು ಆ ಒಂದು ತುಂಡನ್ನು ಮರ್ಯಾದೆಯಿಂದ ತಿನ್ನಬೇಕು, "ಚಲೋ ಅದರಿ" ಎಂದು ಮಾತ್ರ ಅನ್ನಬಾರದು.