ರಜೆ ಹಾಕಿ ಕೇಳುವ ಸಂಗೀತ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಮಸೇವಾ ಮಂಡಳಿ ಶುರುವಾದದ್ದು 1939ರಲ್ಲಿ. ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಚಪ್ಪರದಲ್ಲಿ ಹಾಡದ ದೊಡ್ಡ ವಿದ್ವಾಂಸರು ಕಡಿಮೆ. ಪಕ್ಕದ ಬೀದಿಯ ಹುಡುಗ ಮಾತ್ರ, "ಇವತ್ತು ಮ್ಯಾಚಿದೆ, ಮುಂದಿನ ವರ್ಷ ನೋಡೋಣ" ಎನ್ನುತ್ತಾನೆ.

ಅದೇ ಹುಡುಗ ಡೆಟ್ರಾಯಿಟ್ ಸೇರಿದ ಮೇಲೆ ನೋಡಬೇಕು! ಮೆಚ್ಚಿನ ಗಾಯಕಿ ಕ್ಲೀವ್‌ಲ್ಯಾಂಡಿಗೆ ಬರುತ್ತಾರೆಂದರೆ ರಜೆ ಹಾಕಿ, ಸುಮಾರು 270 ಕಿಲೋಮೀಟರ್ ಕಾರು ಓಡಿಸುತ್ತಾನೆ. ಮುಂದಿನ ಸಾಲಲ್ಲಿ ಕೂತೆನೆಂದು ಊರಿಗೆ ಫೋನು ಮಾಡಿದರೆ ಅಮ್ಮನ ಉತ್ತರ: "ಹೌದೇನೋ? ಹೋದ ವಾರ ಇಲ್ಲೇ ಹಾಡಿದ್ರು. ಮೈಕಿನ ಸದ್ದಿಗೆ ಕಿಟಕಿ ಹಾಕ್ಕೊಂಡೆ."

ಕ್ಲೀವ್‌ಲ್ಯಾಂಡಿನ ತ್ಯಾಗರಾಜ ಆರಾಧನೆ 1978ರಿಂದ ನಡೆದುಬಂದದ್ದು. ಈಸ್ಟರ್ ಆಸುಪಾಸಿನ ಉತ್ಸವ. ಈರೀ ಸರೋವರದ ದಂಡೆಯಲ್ಲಿ ಆಗಲೂ ಹಿಮ ಬೀಳುವುದುಂಟು. ಹೀಗಾಗಿ ಕಾಂಜೀವರಂ ಸೀರೆಯ ಮೇಲೆ ದಪ್ಪ ಜಾಕೆಟ್ಟು, ಕೆಳಗೆ ಬೂಟು.

ಪಂಚರತ್ನ ಕೃತಿಗಳ ಗೋಷ್ಠಿಗಾಯನದಲ್ಲಂತೂ ಸಭೆಗೆ ಸಭೆಯೇ ವಿದ್ವಾಂಸರು. ನಾಟ ರಾಗದ ಮೊದಲ ಕೃತಿಗೆ ಗಂಟಲು ಗಟ್ಟಿ. ಗೌಳ, ಆರಭಿ ಹೇಗೋ ದಾಟುತ್ತವೆ. ನಾಲ್ಕನೆಯದಾದ ವರಾಳಿಗೆ ಹಲವರ ತುಟಿ ಮಾತ್ರ ಆಡುತ್ತದೆ. ವರಾಳಿಯನ್ನು ಗುರು ನೇರವಾಗಿ ಪಾಠ ಹೇಳಬಾರದೆಂಬ ಹಳೆಯ ನಂಬಿಕೆಯೊಂದು ಇದೆಯಲ್ಲ, ಅಭ್ಯಾಸ ತಪ್ಪಿಸಿದವರಿಗೆಲ್ಲ ಅದೇ ರಕ್ಷೆ.