ಒಂದು ಪೋರ್ಟ್ ತೆಗೆದುಕೊಡಿ ಸಾರ್

2025ರ ಮೇ ಕೊನೆಯಲ್ಲಿ ಹೇಮಾವತಿ ನೀರನ್ನು ಕುಣಿಗಲ್ಲಿನತ್ತ ಒಯ್ಯುವ ಲಿಂಕ್ ಕೆನಾಲ್ ಬೇಡವೆಂದು ಗುಬ್ಬಿ ತಾಲ್ಲೂಕಿನಲ್ಲಿ ರೈತರು ಬೀದಿಗಿಳಿದರು. ನಿಷೇಧಾಜ್ಞೆಯೂ ಬಂತು. ಕುಣಿಗಲ್ಲಿನವರಿಗೆ ತಮ್ಮ ಪಾಲು ಬೇಕು, ಗುಬ್ಬಿ-ತುಮಕೂರಿನವರಿಗೆ ತಮ್ಮ ಪಾಲು ಹೋದೀತೆಂಬ ಭಯ. ಯಾವ ತೂಬಿನಿಂದ ಯಾರಿಗೆ ಎಷ್ಟು ಎಂಬ ಲೆಕ್ಕ ಇಲ್ಲಿ ಟೀ ಅಂಗಡಿಯವನಿಗೂ ಬಾಯಿಪಾಠ. ಇದೇ ಊರುಗಳ ಆಫೀಸುಗಳಲ್ಲಿ ಫೈರ್‌ವಾಲ್‌ನ ತೂಬು, ಅಂದರೆ ಪೋರ್ಟ್, ತೆಗೆಸಲು ಮಾತ್ರ ಒಂದು ಫೋನ್ ಸಾಕು.

ನಿಯಮಗಳೇನೋ ಚೊಕ್ಕವಾಗಿವೆ. ಪೋರ್ಟ್ ನಂಬರು ಸೊನ್ನೆಯಿಂದ 65535ರವರೆಗೆ. 1023ರವರೆಗಿನವು ಹೆಸರಾಂತ ಸೇವೆಗಳಿಗೆ ಮೀಸಲು: ಮೇಲ್‌ಗೆ 25, ವೆಬ್‌ಗೆ 80, ಸುರಕ್ಷಿತ ವೆಬ್‌ಗೆ 443. ಯುನಿಕ್ಸ್ ಯಂತ್ರಗಳಲ್ಲಿ ಈ ಜಾಗದಲ್ಲಿ ಕೂರಲು ರೂಟ್ ಅಧಿಕಾರ ಬೇಕಿತ್ತು. 1024ರಿಂದ 49151ರವರೆಗೆ ಅರ್ಜಿ ಹಾಕಿದವರಿಗೆ, ಅದರಾಚೆ ಬಂದುಹೋಗುವವರಿಗೆ. ಹಂಚುವುದು ಇಂಟರ್ನೆಟ್ಟಿನ ನಂಬರುಗಳನ್ನು ನೋಡಿಕೊಳ್ಳುವ ಐಎಎನ್‌ಎ. 1995ರ ಜುಲೈನಲ್ಲಿ ಫಿನ್‌ಲೆಂಡಿನ ತತು ಯ್ಲೋನೆನ್ ಎಂಬಾತ ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ತನ್ನ ಎಸ್‌ಎಸ್‌ಎಚ್‌ಗೆ ಒಂದು ನಂಬರು ಕೇಳಿ ಇಮೇಲ್ ಬರೆದ. ಎಫ್‌ಟಿಪಿಯ 21, ಟೆಲ್ನೆಟ್‌ನ 23ರ ನಡುವೆ 22 ಖಾಲಿ ಇತ್ತು. ಮರುದಿನವೇ ಸಿಕ್ಕಿತು. ಶಾಸಕರ ಪತ್ರವಿಲ್ಲ, ಮಧ್ಯವರ್ತಿಯಿಲ್ಲ. ನಂಬುವುದು ಕಷ್ಟ.

ಆದರೆ ಐಎಎನ್‌ಎಯ ಪಟ್ಟಿ ಬರೀ ಪಟ್ಟಿ. 443 ಎಂದು ಬರೆದುಕೊಂಡು ಬಂದವನು ನಿಜಕ್ಕೂ ವೆಬ್‌ನವನೇ ಎಂದು ಸಾಮಾನ್ಯ ಫೈರ್‌ವಾಲ್ ನೋಡುವುದಿಲ್ಲ. ನಂಬರು ಸರಿಯಿದ್ದರೆ ಒಳಗೆ.

ಈಗ ನಮ್ಮ ತುಮಕೂರಿನ ಒಂದು ಆಫೀಸಿಗೆ ಬನ್ನಿ (ಹೆಸರು ಬೇಡ, ಎಲ್ಲ ಆಫೀಸಿನವರೂ ತಮ್ಮದೇ ಅಂದುಕೊಳ್ಳಲಿ). ಲೆಕ್ಕದ ಸಾಫ್ಟ್‌ವೇರಿನವನು ಬೆಂಗಳೂರಿನಿಂದ ಫೋನ್ ಮಾಡುತ್ತಾನೆ: "ಸಾರ್, ರಿಮೋಟ್‌ಗೆ 3389 ಸ್ವಲ್ಪ ತೆಗೀರಿ, ಇಲ್ಲಿಂದಲೇ ಸರಿ ಮಾಡ್ತೀನಿ." ಯಾವ ಐಪಿಯಿಂದ ಬರುತ್ತೀಯಪ್ಪಾ ಎಂದು ಕೇಳುವವರಿಲ್ಲ. ಎಲ್ಲಿಂದ ಬೇಕಾದರೂ ಬರಲಿ! ಫೈರ್‌ವಾಲ್ ರೂಲ್‌ಗೆ 'ಟೆಂಪ್' ಎಂದು ಹೆಸರಿಟ್ಟಾಯಿತು. ಸಿಸಿಟಿವಿಯವನಿಗೆ 554, 'ಟೆಂಪ್-2'. ಡೇಟಾಬೇಸಿಗೆ 3306, 'ಟೆಸ್ಟ್, ಡಿಲೀಟ್ ಮಾಡಬೇಡಿ'. ಬರೆದವನು ಕೆಲಸ ಬಿಟ್ಟುಹೋಗಿದ್ದಾನೆ, ಅವನ ಆಜ್ಞೆ ಉಳಿದಿದೆ.

ಎಲ್ಲಕ್ಕಿಂತ ಮೇಲೆ ಒಂದು ರೂಲ್: ಯಾರು ಬೇಕಾದರೂ, ಎಲ್ಲಿಗೆ ಬೇಕಾದರೂ, ಬಿಡು. ಸಾಹೇಬರ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಕಾಲ್ ಕತ್ತರಿಸುತ್ತಿದ್ದ ದಿನ ಹಾಕಿದ್ದು. ಫೈರ್‌ವಾಲ್ ಮೇಲಿನಿಂದ ಓದುತ್ತಾ ಬರುತ್ತದೆ, ಮೊದಲು ಹೊಂದಿದ ರೂಲಿಗೇ ನಿಲ್ಲುತ್ತದೆ. ಕೆಳಗೆ ಶ್ರದ್ಧೆಯಿಂದ ಬರೆದ ನಿಷೇಧಗಳೆಲ್ಲ ಗೋಡೆಯ ಮೇಲಿನ ಕ್ಯಾಲೆಂಡರು. 2017ರ ಮೇನಲ್ಲಿ 445ರ ಮೂಲಕ ವಾನ್ನಾಕ್ರೈ ರಾನ್ಸಮ್‌ವೇರ್ ಲೋಕವಿಡೀ ಹರಡಿದಾಗಲೂ ಈ ರೂಲ್ ಅಲ್ಲೇ ಇತ್ತು.

ಕೊನೆಗೆ ಆಡಿಟ್ ಬಂತು. 'ಅಪಾಯಕಾರಿ ಪೋರ್ಟುಗಳ ಪಟ್ಟಿ' ಹಿಡಿದು ಆಡಿಟರು 3389ನ್ನು ಮುಚ್ಚಿ ಎಂದರು. ನಮ್ಮವರು ಸಂಜೆಯೊಳಗೆ ಮುಚ್ಚಿ, ಅದೇ ರಿಮೋಟನ್ನು 33890ಕ್ಕೆ ತಿರುಗಿಸಿದರು. ಆಡಿಟರ ಪಟ್ಟಿಯಲ್ಲಿ 33890 ಇರಲಿಲ್ಲ. ರೈಟ್ ಬಿತ್ತು, ಸಹಿ ಬಿತ್ತು, ಕಾಫಿಯೂ ಬಂತು.